ಸೋತರೆ ಯಾರು ಕಟ್ಟಿಕೊಡ್ತಾರೆ? ಟೆರೆಲ್‌ನ ಹತ್ತಿ ಹೊಲ, ಕುಣಿಗಲ್ ಕಡೆಯ ರಾಗಿ ಹೊಲ

ಇವತ್ತು ಅತಿಥಿ ಯಾರೂ ಇಲ್ಲ, ನಾನೊಬ್ಬಳೇ. ಇದು ಸಂದರ್ಶನ ಅಲ್ಲ, ನನ್ನ ಅಭಿಪ್ರಾಯ. ಒಪ್ಪಿಗೆ ಆಗದಿದ್ದರೆ ಬರೆದು ಕಳಿಸಿ, ಮುಂದಿನ ಸಲ ಓದ್ತೀನಿ.

ವಿಷಯ ಶುರುವಾಗಿದ್ದು ಊಟದ ಸಾಲಿನಲ್ಲಿ. ಹೋದ ನವೆಂಬರ್‌ನಲ್ಲಿ ಹ್ಯೂಸ್ಟನ್‌ನಲ್ಲಿ ರಾಜ್ಯೋತ್ಸವ ಕಾರ್ಯಕ್ರಮ ಮುಗಿದು, ತಟ್ಟೆ ಹಿಡ್ಕೊಂಡು ಬಿಸಿಬೇಳೆ ಬಾತಿಗೆ ಕಾಯ್ತಾ ನಿಂತಿದ್ವಿ. ನನ್ನ ಮುಂದೆ ಇದ್ದವರು ಸಾಫ್ಟ್‌ವೇರ್‌ನವರು, ಒಳ್ಳೆಯವರು, ಊರಲ್ಲಿ ಇನ್ನೂ ಅಪ್ಪನ ಜಮೀನು ಉಳಿಸಿಕೊಂಡಿರೋರು. ನಾನು ಗಿಡಗಳ ಬೇರಿನ ಮೇಲೆ ಸಂಶೋಧನೆ ಮಾಡೋಳು ಅಂತ ಗೊತ್ತಾಗಿದ್ದೇ ತಡ, "ನೀವೆಲ್ಲ ಇಷ್ಟು ಕಂಡುಹಿಡೀತೀರಿ, ಆದರೆ ನಮ್ಮ ರೈತರು ಅಜ್ಜ ಮಾಡಿದ್ದನ್ನೇ ಮಾಡ್ತಾರೆ. ಅವರಿಗೆ ಅರಿವು ಮೂಡಿಸಬೇಕು. ನಾವು ಕೆಲವರು ಸೇರಿ ಒಂದು ಆ್ಯಪ್ ಮಾಡೋಣ ಅಂತಿದೀವಿ" ಅಂದರು.

ತಲೆ ಆಡಿಸೋಕೆ ಹೊರಟಿದ್ದೆ. ಯಾಕಂದ್ರೆ ನಾನೂ ಅದನ್ನೇ ಬರೆದವಳು. ಎಂಎಸ್ಸಿ ಪ್ರಬಂಧದ ಮೊದಲ ಪುಟದಲ್ಲಿ "ರೈತರಲ್ಲಿ ತಿಳಿವಳಿಕೆಯ ಕೊರತೆಯಿಂದಾಗಿ" ಅನ್ನೋ ಸಾಲು ಇದೆ. ಅದನ್ನ ಬರೆಯೋಕೆ ನನಗೆ ಯಾವ ಆಧಾರವೂ ಇರಲಿಲ್ಲ. ಎಲ್ಲರೂ ಬರೀತಿದ್ದರು, ನಾನೂ ಬರೆದೆ. ಆಮೇಲೆ ನೆನಪಾದದ್ದು ನಮ್ಮ ದೊಡ್ಡಪ್ಪ. ತಲೆ ಆಡಲಿಲ್ಲ.

ದೊಡ್ಡಪ್ಪನದು ಕುಣಿಗಲ್ ಕಡೆ ಮಳೆಯಾಶ್ರಿತ ಜಮೀನು. ರಾಗಿ, ಮಧ್ಯೆ ಮಧ್ಯೆ ಅಕ್ಕಡಿ ಸಾಲು. ಪಟ್ಟಣದಲ್ಲೇ ಬೆಳೆದ ಕೇಳುಗರಿಗೆ ಒಂದು ಮಾತು: ಅಕ್ಕಡಿ ಸಾಲು ಅಂದ್ರೆ ರಾಗಿಯ ಕೆಲವು ಸಾಲುಗಳಿಗೊಮ್ಮೆ ಅವರೆ, ಹುಚ್ಚೆಳ್ಳು, ಸಾಸಿವೆ, ಜೋಳ ಇಂಥದ್ದನ್ನ ಬಿತ್ತೋದು. ನಾನು ಎಂಎಸ್ಸಿ ಓದುವಾಗ ರಾಗಿಯನ್ನ ಎರಚಿ ಬಿತ್ತೋ ಬದಲು ಒಟ್ಲು ಹಾಕಿ, ಎಳೆ ಪೈರನ್ನ ಕಿತ್ತು, ಅಡಿಗೊಂದರಂತೆ ಚೌಕವಾಗಿ ನಾಟಿ ಮಾಡಿಸಿದರೆ ತೆಂಡೆ ಜಾಸ್ತಿ ಒಡೆದು ಇಳುವರಿ ಏರುತ್ತೆ ಅನ್ನೋದನ್ನ ಓದಿದ್ದೆ. ಓದಿದ್ದು ಸುಳ್ಳಲ್ಲ, ಪ್ರಯೋಗದ ತಾಕಿನಲ್ಲಿ ಕಣ್ಣಾರೆ ನೋಡಿಯೂ ಇದ್ದೆ. ಹಾವೇರಿ ಕಡೆಯ ರೈತರು ಗುಳಿ ರಾಗಿ ಅಂತ ಇಂಥದ್ದನ್ನ ತಾವೇ ರೂಢಿ ಮಾಡಿಕೊಂಡಿದ್ದಾರೆ. ದೊಡ್ಡಪ್ಪನಿಗೆ ಅರ್ಧ ಎಕರೆಯಲ್ಲಿ ಮಾಡೋಕೆ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡರು. ಎಷ್ಟು ದಿನದ ಪೈರು, ಎಷ್ಟು ಆಳು, ಗೊಬ್ಬರ ಯಾವಾಗ, ಎಲ್ಲ. ಕೊನೇಲಿ ಕೇಳಿದ್ದು ಒಂದೇ ಪ್ರಶ್ನೆ: "ನಿನ್ ಮಾತು ಸರಿ ಇರಬೌದು ಕಣವ್ವ. ಸೋತ್ರೆ ಯಾರ್ ಕಟ್ಕೊಡ್ತಾರೆ?"

"ಸೋಲಲ್ಲ ದೊಡ್ಡಪ್ಪ" ಅಂತ ನಕ್ಕೆ. ಮನೆ ಮಗಳು ಓದಿದವಳು, ಕೇಳ್ತಾಳೆ, ಇಲ್ಲ ಅನ್ನೋಕೆ ಆಗಲಿಲ್ಲ ಅವರಿಗೆ. ಮಾಡಿದರು. ಇನ್ನೊಂದು ಕೆಲಸವನ್ನೂ ಮಾಡಿಸಿದೆ: ಲೆಕ್ಕ ಶುದ್ಧವಾಗಿ ಬರಲಿ ಅಂತ ಆ ಅರ್ಧ ಎಕರೆಯಲ್ಲಿ ಅಕ್ಕಡಿ ಸಾಲು ಬೇಡ ಅಂದೆ.

ಆ ವರ್ಷ ಪುಷ್ಯ ಮಳೆ ಕೈಕೊಟ್ಟಿತು. ಒಟ್ಲಲ್ಲಿ ಪೈರು ಬಲಿತಾ ಹೋಯ್ತು. ಮೂರು ವಾರಕ್ಕೆ ಕೀಳಬೇಕಾದ್ದು ಐದು ವಾರ ದಾಟಿತು. ಬಲಿತ ಪೈರು ನೆಟ್ಟರೆ ತೆಂಡೆ ಒಡೆಯಲ್ಲ, ಅದು ನನ್ನದೇ ಪುಸ್ತಕದಲ್ಲಿ ಇತ್ತು. ಐದು ಮೂಟೆ ಕೊಡ್ತಿದ್ದ ಜಾಗ ಎರಡು ಮೂಟೆ ಕೊಡ್ತು. ಎರಚಿ ಬಿತ್ತಿದ ಪಕ್ಕದ ಹೊಲ ಮಳೆಗೆ ಕಾದು, ತಡವಾಗಿಯಾದರೂ ಸುಮಾರಾಗಿ ಬಂತು. ದೊಡ್ಡಪ್ಪ ಏನೂ ಅನ್ನಲಿಲ್ಲ. ಸಂಕ್ರಾಂತಿಗೆ ಹೋದಾಗ ದೊಡ್ಡಮ್ಮ ಅಂದರು, "ಈ ಸಲ ಮನೇದು ಅವರೆಕಾಯಿ ಇಲ್ಲ ಕಣೆ, ಸಂತೇಲಿ ತಂದೆ." ನನಗೆ ಅದೊಂದು ಅನುಭವ. ಅವರಿಗೆ ಮೂರು ಮೂಟೆ ರಾಗಿ ಮತ್ತು ಒಂದು ಹಬ್ಬದ ಅವರೆಕಾಯಿ. ಅದಾಗಿ ಮುಂದಿನ ಆಗಸ್ಟ್‌ನಲ್ಲಿ ನಾನು ಪಿಎಚ್‌ಡಿಗೆ ಅಂತ ಟೆಕ್ಸಸ್‌ಗೆ ವಿಮಾನ ಹತ್ತಿದೆ.

ಮೂರು ಮೂಟೆ ಹೋಗಿದ್ದಕ್ಕಿಂತ ನನ್ನನ್ನ ಇವತ್ತಿಗೂ ಚುಚ್ಚೋದು ಬೇರೆ. ಅಕ್ಕಡಿ ಸಾಲು ತೆಗೆಸಿದ್ದು ಅಂದ್ರೆ ಅವರ ವಿಮೆಯನ್ನೇ ತೆಗೆಸಿದ್ದು. ರಾಗಿ ಸೋತರೆ ಅವರೆ ಇರುತ್ತೆ, ಅದೂ ಸೋತರೆ ಜೋಳದ ಕಡ್ಡಿ ದನಕ್ಕೆ ಇರುತ್ತೆ. ನಾನು ಮೊದಲು ವಿಮೆ ಕಿತ್ತುಹಾಕಿ, ಆಮೇಲೆ ಜೂಜಾಡೋಕೆ ಹೇಳಿದ್ದೆ.

ಈಗ ಡಾಲಸ್ ಕಡೆ ಹೋಗೋಣ. ಅಲ್ಲಿಂದ ಪೂರ್ವಕ್ಕೆ ಸುಮಾರು ಐವತ್ತು ಕಿಲೋಮೀಟರ್ ಹೋದರೆ ಟೆರೆಲ್ ಅನ್ನೋ ಊರು ಸಿಗುತ್ತೆ. ಊರಿನ ಉತ್ತರಕ್ಕೆ ಒಂದು ಹೊಲ, ರಾಷ್ಟ್ರೀಯ ಐತಿಹಾಸಿಕ ತಾಣ ಅಂತ ಗುರುತಿಸಿದ್ದಾರೆ. ಕೋಟೆ ಇಲ್ಲ, ಕಂಬ ಇಲ್ಲ. ನನ್ನ ಗಂಡ "ಇದನ್ನ ನೋಡೋಕಾ ಬಂದ್ವಿ?" ಅಂದರು. ಹೌದು, ಇದನ್ನೇ. ದೊಡ್ಡಪ್ಪನ ಪ್ರಶ್ನೆಗೆ 1903ರಲ್ಲಿ ಒಂದು ಊರು ಕೊಟ್ಟ ಉತ್ತರ ಆ ಹೊಲ.

ಹಿನ್ನೆಲೆ ಸ್ವಲ್ಪ ಬೇಕು. 1892ರ ಸುಮಾರಿಗೆ ಮೆಕ್ಸಿಕೋ ಕಡೆಯಿಂದ ರಿಯೋ ಗ್ರಾಂಡೆ ನದಿ ದಾಟಿ ಬ್ರೌನ್ಸ್‌ವಿಲ್ ಹತ್ತಿರ ಒಂದು ಕೀಟ ಟೆಕ್ಸಸ್‌ಗೆ ಬಂತು, ಬೋಲ್ ವೀವಿಲ್. ನಮ್ಮ ಕಡೆ ಹತ್ತಿಗೆ ಬೀಳೋ ಕಾಯಿಕೊರಕ ಹುಳುವಿಗೂ ಇದಕ್ಕೂ ಸಂಬಂಧ ಇಲ್ಲ. ಕಾಯಿಕೊರಕ ಒಂದು ಪತಂಗದ ಮರಿ, ಇದು ಸೊಂಡಿಲು ಇರೋ ಪುಟ್ಟ ದುಂಬಿ. ಹೆಣ್ಣು ಹತ್ತಿಯ ಮೊಗ್ಗಿಗೆ ತೂತು ಕೊರೆದು ಒಳಗೆ ಮೊಟ್ಟೆ ಇಡುತ್ತೆ, ಮೊಗ್ಗು ಉದುರುತ್ತೆ. ಮರಿ ಮೊಗ್ಗಿನ ಒಳಗೇ ಇರೋದರಿಂದ ಆ ಕಾಲದ ಯಾವ ಔಷಧಿಯೂ ಅದಕ್ಕೆ ಸರಿಯಾಗಿ ತಾಗ್ತಿರಲಿಲ್ಲ. 1894ರಲ್ಲೇ ಚಾರ್ಲ್ಸ್ ಟೌನ್‌ಸೆಂಡ್ ಅನ್ನೋ ಕೀಟತಜ್ಞ, ದಕ್ಷಿಣ ಟೆಕ್ಸಸ್‌ನಲ್ಲಿ ಒಂದು ಪಟ್ಟಿಯಷ್ಟು ಜಾಗದಲ್ಲಿ ಹತ್ತಿ ಬೆಳೆಯೋದನ್ನೇ ನಿಲ್ಲಿಸಿ ಅಂತ ಸಲಹೆ ಕೊಟ್ಟ. ಆಸ್ಟಿನ್‌ನಲ್ಲಿದ್ದ ಶಾಸನಸಭೆ ಅದನ್ನ ಮಾಡಲಿಲ್ಲ. 1903ರಲ್ಲಿ ಅದೇ ಸಭೆ, ಈ ಕೀಟಕ್ಕೆ ಪರಿಹಾರ ಕಂಡುಹಿಡಿದವರಿಗೆ 50,000 ಡಾಲರ್ ಬಹುಮಾನ ಅಂತ ಘೋಷಿಸಿತು. ಆ ದುಡ್ಡು ಯಾರಿಗೂ ಸಿಗಲಿಲ್ಲ.

ನಿಜವಾದ ಪರಿಹಾರ ಒಂದು ಯಂತ್ರವೋ ಒಂದು ಪುಡಿಯೋ ಆಗಿರಲಿಲ್ಲ, ಅದಕ್ಕೇ ಬಹುಮಾನ ಹಾಗೇ ಉಳೀತು. ಬೇಗ ಮಾಗೋ ತಳಿ ಬಿತ್ತೋದು, ಬೇಗ ಬಿತ್ತೋದು, ಅಂತರ ಬಿಟ್ಟು ಬಿತ್ತೋದು, ಮೇಲಿಂದ ಮೇಲೆ ಎಡೆ ಹೊಡೆಯೋದು, ಕೊಯ್ಲು ಆದ ತಕ್ಷಣ ಕಡ್ಡಿಯನ್ನ ನಾಶ ಮಾಡೋದು. ಕೀಟ ತಲೆಮಾರಿನಿಂದ ತಲೆಮಾರಿಗೆ ಸಂಖ್ಯೆ ಹೆಚ್ಚಿಸಿಕೊಳ್ಳೋ ಮೊದಲೇ ಕಾಯಿ ಕಟ್ಟಿಬಿಡಬೇಕು. ಇದು ಓಟದ ಪಂದ್ಯ ಇದ್ದ ಹಾಗೆ. ಜೀವಶಾಸ್ತ್ರವಾಗಿ ಅಚ್ಚುಕಟ್ಟು. ಆದರೆ ಎದುರು ನಿಂತ ರೈತನಿಗೆ ಇದು ಐದು ಹೊಸ ಖರ್ಚು, ಐದು ಹೊಸ ಅಪಾಯ.

ಆಗ ಬಂದವರು ಸೀಮನ್ ನ್ಯಾಪ್. ಎಪ್ಪತ್ತರ ಹತ್ತಿರದ ಮುದುಕ, ಕೃಷಿ ಇಲಾಖೆಯ ಪರವಾಗಿ ಬಂದಿದ್ದರು. ಸರ್ಕಾರವೇ ಪೂರ್ತಿ ದುಡ್ಡು ಹಾಕಿ ನಡೆಸೋ ಮಾದರಿ ತೋಟಗಳ ಮೇಲೆ ಅವರಿಗೆ ನಂಬಿಕೆ ಹೋಗಿತ್ತು. ರೈತರು ಬರ್ತಾರೆ, ನೋಡ್ತಾರೆ, "ಸರ್ಕಾರದ ದುಡ್ಡಿದ್ರೆ ನಾನೂ ಬೆಳೀತಿದ್ದೆ" ಅಂದ್ಕೊಂಡು ಹೋಗ್ತಾರೆ. ಎಷ್ಟು ಪರಿಚಿತ ಅಲ್ವಾ? ನಮ್ಮ ಕೃಷಿ ಮೇಳದಲ್ಲಿ ತಾಕು ನೋಡಿ ಬಂದವರು ಬಸ್ಸಿನಲ್ಲಿ ಆಡೋ ಮಾತು ಇದೇ.

1903ರ ಫೆಬ್ರುವರಿಯಲ್ಲಿ ಟೆರೆಲ್‌ನಲ್ಲಿ ಸಭೆ ಆಯ್ತು. ನ್ಯಾಪ್ ಹೇಳಿದ್ದು ಇಷ್ಟು: ಹೊಲ ರೈತನದೇ ಇರಲಿ, ದುಡಿಮೆ ಅವನದೇ, ಖರ್ಚು ಅವನದೇ, ಲಾಭವೂ ಅವನದೇ. ಆದರೆ ನಾನು ಹೇಳಿದ ಹಾಗೆ ಮಾಡಿ ನಷ್ಟ ಆದರೆ, ಆ ನಷ್ಟವನ್ನ ಊರು ಹೊರಬೇಕು. ಊರಿನ ವ್ಯಾಪಾರಸ್ಥರು ಒಂದು ಸಾವಿರ ಡಾಲರಿನ ಆಸುಪಾಸಿನ ನಿಧಿಗೆ ಒಪ್ಪಿಕೊಂಡರು. ಹತ್ತಿ ಹೋದರೆ ಅಂಗಡಿಯೂ ಬ್ಯಾಂಕೂ ಮುಳುಗುತ್ತೆ ಅಂತ ಅವರಿಗೂ ಗೊತ್ತಿತ್ತು, ಇದು ದಾನ ಅಲ್ಲ. ವಾಲ್ಟರ್ ಪೋರ್ಟರ್ ಅನ್ನೋ ರೈತ ಮುಂದೆ ಬಂದು 70 ಎಕರೆಯಲ್ಲಿ ಹತ್ತಿ, ಮೆಕ್ಕೆಜೋಳ ಬೆಳೆದರು. ವರ್ಷದ ಕೊನೆಗೆ ಹಳೇ ಪದ್ಧತಿಗಿಂತ ಸುಮಾರು 700 ಡಾಲರ್ ಹೆಚ್ಚು ಸಿಕ್ಕಿತು. ನಿಧಿಯಿಂದ ಒಂದು ಪೈಸೆಯನ್ನೂ ತೆಗೆಯಬೇಕಾಗಲಿಲ್ಲ.

ಇಲ್ಲಿ ಸ್ವಲ್ಪ ನಿಲ್ತೀನಿ. ಖರ್ಚೇ ಆಗದ ದುಡ್ಡು ಕೆಲಸ ಮಾಡ್ತು. ಅದು ಸಬ್ಸಿಡಿ ಅಲ್ಲ, ಪುಕ್ಕಟೆ ಬೀಜ ಅಲ್ಲ, ತರಬೇತಿ ಅಲ್ಲ. ಸೋತರೆ ನೀನೊಬ್ಬನೇ ಅಲ್ಲ ಅನ್ನೋ ಒಂದು ಮಾತು, ಬ್ಯಾಂಕಿನಲ್ಲಿ ಇಟ್ಟ ಮಾತು.

1904ರ ಜನವರಿಯಲ್ಲಿ ನ್ಯಾಪ್ ಹ್ಯೂಸ್ಟನ್‌ನಲ್ಲಿ ಕಚೇರಿ ತೆರೆದು ಇದನ್ನ ಊರೂರಿಗೆ ಒಯ್ದರು. 1906ರಲ್ಲಿ ಟೆಕ್ಸಸ್‌ನ ಸ್ಮಿತ್ ಕೌಂಟಿಗೆ ಅಂತಲೇ ಒಬ್ಬ ಪೂರ್ಣಾವಧಿ ಕೃಷಿ ಏಜೆಂಟ್ ನೇಮಕ ಆಯ್ತು. 1914ರ ಸ್ಮಿತ್-ಲೀವರ್ ಕಾಯ್ದೆಯಿಂದ ಇಡೀ ಅಮೆರಿಕಕ್ಕೆ ಈ ವ್ಯವಸ್ಥೆ ಹಬ್ಬಿತು. ನಮ್ಮ ಕೃಷಿ ವಿಶ್ವವಿದ್ಯಾಲಯಗಳ ವಿಸ್ತರಣಾ ವಿಭಾಗ, ಕೃಷಿ ವಿಜ್ಞಾನ ಕೇಂದ್ರಗಳ ಪ್ರಾತ್ಯಕ್ಷಿಕೆಗಳು ಎಲ್ಲಕ್ಕೂ ಈ ಹೊಲದ ನೆಂಟಸ್ತಿಕೆ ಇದೆ. ಆದರೆ ಹಬ್ಬುವಾಗ ಪ್ರಾತ್ಯಕ್ಷಿಕೆ ಉಳೀತು, ನಷ್ಟಭರ್ತಿಯ ನಿಧಿ ಕಳಚಿ ಬಿತ್ತು. ನಮ್ಮಲ್ಲಿಗೆ ಬರೋ ಹೊತ್ತಿಗೆ ಬೀಜ, ಗೊಬ್ಬರ ಪುಕ್ಕಟೆ ಕೊಟ್ಟು ಫೋಟೋ ತೆಗೆಯೋದು ಅಷ್ಟೇ ಆಯ್ತು. ಕೊಯ್ಲು ಕೈಕೊಟ್ಟರೆ ಏನು ಅನ್ನೋದಕ್ಕೆ ಆ ಕಾಗದದಲ್ಲಿ ಜಾಗವೇ ಇಲ್ಲ. ಪುಕ್ಕಟೆ ಬೀಜದ ಚೀಲಕ್ಕೂ ನಷ್ಟದ ಭರವಸೆಗೂ ತುಂಬ ವ್ಯತ್ಯಾಸ ಇದೆ. ಬೀಜದ ಖರ್ಚು ರೈತನ ಅಪಾಯದಲ್ಲಿ ತೀರಾ ಚಿಕ್ಕ ಪಾಲು, ದೊಡ್ಡದು ಒಂದು ಹಂಗಾಮು ಪೂರ್ತಿ ಹೋಗೋದು.

ಟೆರೆಲ್ ಕಥೆಯನ್ನ ಪೂರ್ತಿ ಸಿಹಿ ಮಾಡಿ ಹೇಳೋದು ಬೇಡ. ಪೋರ್ಟರ್ ಸ್ವಂತ ಜಮೀನಿನವರು. ಆಗ ಟೆಕ್ಸಸ್ ರೈತರಲ್ಲಿ ಸುಮಾರು ಅರ್ಧದಷ್ಟು ಜನ ಗೇಣಿಗೋ ಪಾಲಿಗೋ ಮಾಡ್ತಿದ್ದವರು. ಅಂಗಡಿಯವನು ಸಾಲ ಕೊಡ್ತಿದ್ದದ್ದು ಹತ್ತಿಯ ಮೇಲೆ ಮಾತ್ರ. ಅಂಥವನಿಗೆ ಹೋಗಿ ಬೆಳೆ ಬದಲಿಸು ಅಂದರೆ ಅವನೇನು ಮಾಡಬೇಕು? ಕಪ್ಪು ಜನರ ಪಾಡು ಇನ್ನೂ ಕಷ್ಟ. ಅವರಿಗೆ ಬೇರೆಯೇ ವಿಸ್ತರಣಾ ವಿಭಾಗ, ಹ್ಯೂಸ್ಟನ್‌ನ ವಾಯವ್ಯಕ್ಕಿರೋ ಪ್ರೇರಿ ವ್ಯೂನಲ್ಲಿ, 1915ರಲ್ಲಿ ಶುರುವಾಯ್ತು. ಅದನ್ನ ಮುನ್ನಡೆಸಿದ ರಾಬರ್ಟ್ ಲಾಯ್ಡ್ ಸ್ಮಿತ್, ಸರ್ಕಾರಕ್ಕೆ ಕಾಯದೆ 1890ರಲ್ಲೇ ಟೆಕ್ಸಸ್‌ನ ಕಪ್ಪು ರೈತರ ಒಂದು ಸುಧಾರಣಾ ಸಂಘ ಕಟ್ಟಿದ್ದವರು. ಅವರು ಮೊದಲು ಕೈ ಹಾಕಿದ್ದು ತಳಿಗಲ್ಲ, ಸಾಲಕ್ಕೆ. ಅಂಗಡಿಯ ಉದ್ರಿಯಿಂದ ಹೊರಗೆ ಬನ್ನಿ, ಒಟ್ಟಿಗೆ ಕೊಳ್ಳೋಣ ಅಂದರು. ಹಾವೇರಿ, ರಾಯಚೂರು ಕಡೆಯ ಹತ್ತಿ ಬೆಳೆಗಾರರನ್ನ ಮಾತಾಡಿಸಿ ನೋಡಿ. ಯಾವ ಬೀಜ ಯಾಕೆ ಹಾಕಿದಿರಿ ಅಂದ್ರೆ, ಉದ್ರಿ ಕೊಟ್ಟ ಅಂಗಡಿಯವರು ಕೊಟ್ಟಿದ್ದು ಅನ್ನೋ ಉತ್ತರ ನಿಮಗೂ ಸಿಗುತ್ತೆ.

ಸರಿ, ರೈತರು ಹೊಸದಕ್ಕೆ ಹೆದರ್ತಾರೆ ಅನ್ನೋ ಮಾತಿಗೆ ವಾಪಸ್ ಬರೋಣ. ಹೆದರೋರಾಗಿದ್ದರೆ ಬಿಟಿ ಹತ್ತಿ ಹೇಗೆ ಹಬ್ಬಿತು? 2002ರಲ್ಲಿ ಭಾರತದಲ್ಲಿ ಒಪ್ಪಿಗೆ ಸಿಕ್ಕಿತು, ಹನ್ನೆರಡು ಹದಿಮೂರು ವರ್ಷದೊಳಗೆ ದೇಶದ ಹತ್ತಿ ಹೊಲದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅದೇ. ಅದರ ಒಳ್ಳೇದು ಕೆಟ್ಟದ್ದು ಬೇರೆ ಸಂಚಿಕೆ, ಇವತ್ತು ಅಲ್ಲಿಗೆ ಹೋದರೆ ಮುಗಿಯಲ್ಲ. ಕೊಳವೆಬಾವಿ ಕೊರೆಸೋಕೆ ಯಾರು ಅರಿವು ಮೂಡಿಸಿದರು? ಮಲೆನಾಡಿನ ಅಡಿಕೆ ಚಿತ್ರದುರ್ಗ, ದಾವಣಗೆರೆಯ ಬಯಲಿಗೆ ಇಳಿದದ್ದು ಯಾವ ಇಲಾಖೆಯ ಕರಪತ್ರ ಓದಿ? ಎಷ್ಟೋ ಕಡೆ ಬೇಡ ಬೇಡ ಅಂದರೂ ಹಾಕಿದರು. ಹೊಸದು ಅನ್ನೋದೇ ತಡೆ ಆಗಿದ್ದರೆ ಇದ್ಯಾವುದೂ ಆಗ್ತಿರಲಿಲ್ಲ.

ಟೆಕ್ಸಸ್ ರೈತರಿಗೂ ಒಂದು ಕಾಲದಲ್ಲಿ ಮೊಂಡರು ಅನ್ನೋ ಹಣೆಪಟ್ಟಿ ಸಿಗೋ ಹಾಗಿತ್ತು. ಹೈಬ್ರಿಡ್ ಮೆಕ್ಕೆಜೋಳ ಅಯೋವಾ ರಾಜ್ಯದಲ್ಲಿ 1930ರ ದಶಕದಲ್ಲಿ ಬಿರುಗಾಳಿ ಹಾಗೆ ಹಬ್ಬಿತು, ಟೆಕ್ಸಸ್‌ನಲ್ಲಿ 1940ರ ದಶಕದವರೆಗೆ ಕುಂಟ್ತಾ ಇತ್ತು. ಅರ್ಥಶಾಸ್ತ್ರಜ್ಞ ಜ್ವಿ ಗ್ರಿಲಿಕಸ್ 1957ರಲ್ಲಿ ಇದರ ಲೆಕ್ಕ ಬಿಡಿಸಿದರು. ಕಾರಣ ರೈತರ ತಲೆಯೊಳಗೆ ಇರಲಿಲ್ಲ, ಬೀಜದ ಚೀಲದೊಳಗೆ ಇತ್ತು. ಅಯೋವಾದ ಹೈಬ್ರಿಡ್ ಟೆಕ್ಸಸ್‌ನ ಬಿಸಿಲಿಗೆ, ಮಣ್ಣಿಗೆ ಆಗಿಬರ್ತಿರಲಿಲ್ಲ. ಹೈಬ್ರಿಡ್ ಅನ್ನೋದು ಒಂದು ವಸ್ತು ಅಲ್ಲ, ಊರೂರಿಗೆ ಬೇರೆ ಬೇರೆಯಾಗಿ ಮತ್ತೆ ಮಾಡಬೇಕಾದ ಕೆಲಸ. ಟೆಕ್ಸಸ್‌ಗೆ ಹೊಂದೋದನ್ನ ಮಾಡೋಕೆ ಬೀಜದವರೇ ತಡ ಮಾಡಿದ್ದರು, ಯಾಕಂದ್ರೆ ಇಲ್ಲಿನ ಮಾರುಕಟ್ಟೆಯಲ್ಲಿ ಲಾಭ ಕಡಿಮೆ. ಬಂದಮೇಲೂ ಹಬ್ಬಿದ ವೇಗ ರೈತನಿಗೆ ಎಕರೆಗೆ ಎಷ್ಟು ಉಳಿಯುತ್ತೆ ಅನ್ನೋದರ ಮೇಲೇ ನಿಂತಿತ್ತು.

ಇದನ್ನ ಓದಿದಾಗ ನನಗೆ ಮಂಡ್ಯ ನೆನಪಾಯ್ತು. ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯ, ಎಲ್ಲರ ಬಾಯಲ್ಲಿ ರಾಗಿ ಲಕ್ಷ್ಮಣಯ್ಯ, ನಮ್ಮ ರಾಗಿಯನ್ನ ಆಫ್ರಿಕಾದ ರಾಗಿ ಜೊತೆ ಕೂಡಿಸಿ ಇಂಡಾಫ್ ತಳಿಗಳನ್ನ ಕೊಟ್ಟರು. ಇಂಡಿಯಾದ ಇಂಡ್, ಆಫ್ರಿಕಾದ ಆಫ್. ರಾಗಿಯ ಹೂವು ಎಷ್ಟು ಚಿಕ್ಕದು ಅಂದ್ರೆ ಕೈಯಿಂದ ಅಡ್ಡತಳಿ ಮಾಡೋದೇ ಒಂದು ತಪಸ್ಸು. ಆ ಸಾಹಸದ ಬಗ್ಗೆ ಎಲ್ಲರೂ ಹೇಳ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನಿಸೋದು ಅವರು ಒಂದು ತಳಿ ಕೊಟ್ಟು ಕೈತೊಳೆದುಕೊಳ್ಳಲಿಲ್ಲ ಅನ್ನೋದು. ಮುಂಗಾರಿಗೆ ಮೊದಲೇ ಬಿತ್ತೋರಿಗೆ ಒಂದು, ತಡವಾಗಿ ಬಿತ್ತೋರಿಗೆ ಒಂದು, ಚಳಿಗಾಲದ ಬೆಳೆಗೆ ಒಂದು, ಹೀಗೆ ಇಂಡಾಫ್ ಒಂದು ಸರಣಿಯೇ ಆಯ್ತು. ಮಳೆ ಹೆಚ್ಚು ಕಡಿಮೆ ಆದರೂ ರೈತನ ಕೈಯಲ್ಲಿ ಇನ್ನೊಂದು ಆಯ್ಕೆ ಇರ್ತಿತ್ತು. ಆಮೇಲೆ ಬೆಂಕಿ ರೋಗ ಕಾಡಿದಾಗ, ಅದನ್ನ ತಡೆಯೋ ಜಿಪಿಯು-28 ಅನ್ನೋ ತಳಿ ಜಿಕೆವಿಕೆಯಿಂದ ಬಂತು, ರೈತರು ಇಂಡಾಫನ್ನೂ ಬಿಟ್ಟು ಅದಕ್ಕೆ ಹೋದರು. ಅಜ್ಜನ ಕಾಲದ್ದನ್ನೇ ಹಿಡ್ಕೊಂಡು ಕೂತಿದಾರೆ ಅನ್ನಿಸ್ಕೊಂಡ ಅದೇ ರೈತರು. ದೊಡ್ಡಪ್ಪನ ಮನೇಲಿ ಇವತ್ತಿಗೂ "ಇಪ್ಪತ್ತೆಂಟು" ಅಂದ್ರೆ ಸಾಕು, ಎಲ್ಲರಿಗೂ ಗೊತ್ತು.

ಈ ಮನೆಯ ಒಳಗಿನ ಮಾತು ಇನ್ನೂ ಒಂದಿದೆ. ನಮ್ಮ ಪ್ರಯೋಗದ ತಾಕಿನಲ್ಲಿ ನಾವು ತೂಗೋದು ಕಾಳು ಮಾತ್ರ. ದೊಡ್ಡಮ್ಮ ತೂಗೋದು ಕಾಳು, ಹುಲ್ಲು, ಮುದ್ದೆ ಎಷ್ಟು ಹೊತ್ತು ಮೆತ್ತಗಿರುತ್ತೆ, ಕಳೆ ಕೀಳೋಕೆ ಎಷ್ಟು ದಿನ ಬಗ್ಗಬೇಕು, ಎಲ್ಲ. ಒಮ್ಮೆ ಇಳುವರಿ ಜಾಸ್ತಿ ಅಂತ ಯಾರೋ ಕೊಟ್ಟ ಬೀಜ ಹಾಕಿದ್ದರಂತೆ. "ಕಾಳೇನೋ ಬಂತು. ಹುಲ್ಲು ಹಸ ಮೂಸ್ನೂ ನೋಡ್ಲಿಲ್ಲ" ಅಂದರು. ಎರಡು ಹಸುವಿನ ಮೇಲೆ ತಿಂಗಳ ಸಾಮಾನು ನಡೆಯೋ ಮನೆಯಲ್ಲಿ ಆ ತಳಿಯ ಆಯುಸ್ಸು ಅಲ್ಲಿಗೇ ಮುಗೀತು. ನಾಟಿ ಪದ್ಧತಿಯಲ್ಲೂ ಅಷ್ಟೇ, "ಕೂಲಿ ಉಳಿಯುತ್ತೆ" ಅಂತ ಬರೆಯುವಾಗ ಯಾರ ಬೆನ್ನಿನ ಲೆಕ್ಕ ಬಿಟ್ಟೆವು ಅಂತ ನೋಡಿದರೆ, ಹೆಚ್ಚಾಗಿ ಹೆಂಗಸರದು.

ನೆರೆಹೊರೆಯ ಪಾತ್ರ ಎಲ್ಲರಿಗೂ ಗೊತ್ತಿರೋದೇ, ಬೇಗ ಹೇಳಿಬಿಡ್ತೀನಿ. 1943ರಲ್ಲಿ ರಯಾನ್ ಮತ್ತು ಗ್ರಾಸ್ ಅನ್ನೋ ಇಬ್ಬರು ಅಯೋವಾದ 259 ರೈತರನ್ನ ಕೇಳಿ ನೋಡಿದರು. ಹೈಬ್ರಿಡ್ ಬಗ್ಗೆ ಮೊದಲು ಕೇಳಿದ್ದು ಬೀಜ ಮಾರೋರಿಂದ, ಆದರೆ ಹಾಕೋ ಮನಸ್ಸು ಮಾಡಿದ್ದು ಪಕ್ಕದ ಹೊಲ ನೋಡಿ. ಅದೂ ಮೊದಲು ಸ್ವಲ್ಪ ಜಾಗದಲ್ಲಿ, ಆಮೇಲೆ ಪೂರ್ತಿ. ಇದಕ್ಕೆ ಒಂದು ತಿದ್ದುಪಡಿ ನಮ್ಮ ದೇಶದಿಂದಲೇ ಬಂತು. ಹಸಿರು ಕ್ರಾಂತಿಯ ಕಾಲದ ಅಂಕಿಅಂಶ ತೆಗೆದು ಕೈವನ್ ಮುನ್ಶಿ 2004ರಲ್ಲಿ ತೋರಿಸಿದ್ದು: ಗೋಧಿ ಬೆಳೆಯೋರು ನೆರೆಯವರನ್ನ ನೋಡಿ ಕಲಿತರು, ಭತ್ತದವರು ಅಷ್ಟಾಗಿ ಇಲ್ಲ. ಯಾಕೆ? ಆಗಿನ ಹೊಸ ಭತ್ತದ ತಳಿಗಳು ಮಣ್ಣು, ನೀರು ಸ್ವಲ್ಪ ಬದಲಾದರೂ ಬೇರೆ ಥರ ಬರ್ತಿದ್ದವು. ಪಕ್ಕದವನ ಗೆಲುವು ನನ್ನ ಗದ್ದೆಗೆ ಸಾಕ್ಷಿ ಆಗಲ್ಲ. ಹಾಗಾಗಿ ಅವರು ತಮ್ಮ ಹೊಲದಲ್ಲೇ ಪರೀಕ್ಷೆ ಮಾಡ್ಕೋಬೇಕಾಯ್ತು. ಇದನ್ನ ಹಿಂಜರಿಕೆ ಅಂತೀರೋ, ಸರಿಯಾದ ವಿಜ್ಞಾನ ಅಂತೀರೋ? ನಮ್ಮ ಲ್ಯಾಬಿನಲ್ಲಿ ಬೇರೆಯವರ ಫಲಿತಾಂಶವನ್ನ ನಾವೇ ಮತ್ತೆ ಮಾಡಿ ನೋಡದೆ ನಂಬಿದರೆ ಬೈಸ್ಕೋತೀವಿ.

ಇನ್ನು ಆಸ್ಟಿನ್. ಅಲ್ಲಿಗೆ ಹೋಗೋರೆಲ್ಲ ಶಾಸನಸಭೆಯ ಗುಮ್ಮಟದ ಎದುರು ಫೋಟೋ ತೆಗೆಸ್ಕೋತಾರೆ. ಅದರ ಪಕ್ಕದಲ್ಲೇ ಟೆಕ್ಸಸ್ ಸುಪ್ರೀಂ ಕೋರ್ಟ್ ಇದೆ. ಅಲ್ಲಿ 1997ರಲ್ಲಿ ಅದೇ ಬೋಲ್ ವೀವಿಲ್‌ನ ವ್ಯಾಜ್ಯ ತೀರ್ಮಾನ ಆಯ್ತು. ಕೀಟವನ್ನ ರಾಜ್ಯದಿಂದಲೇ ಅಳಿಸಿಹಾಕೋಕೆ 1993ರಲ್ಲಿ ಒಂದು ಪ್ರತಿಷ್ಠಾನ ಮಾಡಿದ್ದರು, ವೆಚ್ಚದ ಪಾಲು ರೈತರಿಂದಲೇ ವಸೂಲಿ. ಒಬ್ಬ ಮಾಡಿ ಇನ್ನೊಬ್ಬ ಬಿಟ್ಟರೆ ಕೀಟ ಹೋಗಲ್ಲ, ಹಾಗಾಗಿ ಎಲ್ಲರೂ ಮಾಡಲೇಬೇಕು ಅನ್ನೋದು ಜೀವಶಾಸ್ತ್ರವಾಗಿ ಸರಿಯಾದ ಮಾತು. ದಕ್ಷಿಣದ ರಿಯೋ ಗ್ರಾಂಡೆ ಕಣಿವೆಯಲ್ಲಿ 1995ರಲ್ಲಿ ಮ್ಯಾಲಥಿಯಾನ್ ಸಿಂಪಡಣೆ ಶುರುವಾಯ್ತು. ಆ ವರ್ಷ ಅಲ್ಲಿ ಬೀಟ್ ಆರ್ಮಿವರ್ಮ್ ಅನ್ನೋ ಬೇರೊಂದು ಹುಳು ಉಕ್ಕಿ ಬಂದು ಹತ್ತಿಯನ್ನ ನುಂಗಿಹಾಕಿತು. ಸಿಂಪಡಿಸಿದ ಔಷಧಿ ಆ ಹುಳುವನ್ನ ತಿಂದು ಹಿಡಿತದಲ್ಲಿ ಇಡ್ತಿದ್ದ ಉಪಕಾರಿ ಕೀಟಗಳನ್ನೂ ಕೊಂದಿತ್ತು ಅನ್ನೋದು ರೈತರ ದೂರು, ಅದಕ್ಕೆ ಜೀವಶಾಸ್ತ್ರದ ಬಲವೂ ಇತ್ತು. ನಷ್ಟ ರೈತರದು, ಮೇಲಿಂದ ಸಿಂಪಡಣೆಯ ಬಿಲ್ಲೂ ರೈತರದು. 1996ರಲ್ಲಿ ಮತ ಹಾಕಿ ಯೋಜನೆಯನ್ನ ಹೊರಗೆ ಹಾಕಿದರು. ಮೊಕದ್ದಮೆ ಹೂಡಿದ ರೈತರ ಪರವಾಗಿ, ಖಾಸಗಿ ಪ್ರತಿಷ್ಠಾನಕ್ಕೆ ಹೀಗೆ ಅಧಿಕಾರ ಕೊಟ್ಟಿದ್ದು ಸಂವಿಧಾನಕ್ಕೆ ವಿರುದ್ಧ ಅಂತ ಕೋರ್ಟ್ ಹೇಳಿತು. ಅದೇ ವರ್ಷ ಶಾಸನಸಭೆ ರಾಜ್ಯದ ಮೇಲುಸ್ತುವಾರಿ ಸೇರಿಸಿ ಕಾನೂನು ಬದಲಿಸಿತು. ಇವತ್ತು ಟೆಕ್ಸಸ್‌ನ ಹೆಚ್ಚಿನ ಹತ್ತಿ ಪ್ರದೇಶದಲ್ಲಿ ಆ ಕೀಟ ಇಲ್ಲ, ಉಳಿದಿರೋದು ಅದೇ ದಕ್ಷಿಣದ ತುದಿಯಲ್ಲಿ.

ಕೀಟ ಎರಡೂ ಸಲ ಅದೇ. 1995ರಲ್ಲಿ ಸೋತರೆ ಯಾರು ಅನ್ನೋ ಪ್ರಶ್ನೆಗೆ ಸಿಕ್ಕ ಉತ್ತರ "ನೀವೇ." ಅಷ್ಟು ಸಾಕಾಯ್ತು.

ಈಗ ನಮ್ಮ ಕಡೆಯವರು ಕೇಳೋ ಪ್ರಶ್ನೆ ನನಗೆ ಗೊತ್ತು: "ಬೆಳೆ ವಿಮೆ ಇದೆಯಲ್ಲ?" ಇದೆ. 2016ರಿಂದ ಫಸಲ್ ಬಿಮಾ ಯೋಜನೆ ಇದೆ. ಆದರೆ ಅದರ ಒಳಗಿನ ಲೆಕ್ಕ ನೋಡಿ. ನಷ್ಟ ತೀರ್ಮಾನ ಆಗೋದು ಮುಖ್ಯವಾಗಿ ನಿಮ್ಮ ಹೊಲ ನೋಡಿ ಅಲ್ಲ, ಗ್ರಾಮ ಪಂಚಾಯಿತಿಯೋ ಹೋಬಳಿಯೋ, ಆ ಇಡೀ ಪ್ರದೇಶದ ಸರಾಸರಿ ಇಳುವರಿ ನೋಡಿ. ಆಲಿಕಲ್ಲು, ನೀರು ನಿಲ್ಲೋದು ಇಂಥ ಕೆಲವಕ್ಕೆ ಮಾತ್ರ ಒಂಟಿ ಹೊಲದ ಲೆಕ್ಕ. ಬರಗಾಲಕ್ಕೆ ಇದು ಸರಿಯಾದ ಉಪಾಯ, ಎಲ್ಲರಿಗೂ ಒಟ್ಟಿಗೆ ಬರೋ ನಷ್ಟ ಅದು. ಆದರೆ ಊರಲ್ಲಿ ಒಬ್ಬನೇ ಹೊಸದನ್ನ ಮಾಡಿ ಸೋತರೆ? ಊರಿನ ಸರಾಸರಿ ಚೆನ್ನಾಗೇ ಇರುತ್ತೆ. ಅವನಿಗೆ ಸೊನ್ನೆ. ಅಂದ್ರೆ ನಮ್ಮ ವಿಮೆ ಎಲ್ಲರ ಹಾಗೆ ಮಾಡಿ ಎಲ್ಲರ ಜೊತೆ ಸೋತವನಿಗೆ ಇದೆ, ಮೊದಲು ಮಾಡಿ ನೋಡಿದವನಿಗೆ ಇಲ್ಲ. ದೊಡ್ಡಪ್ಪನ ಮೂರು ಮೂಟೆಗೆ ಈ ಯೋಜನೆಯಲ್ಲಿ ಜಾಗವಿಲ್ಲ.

ವಿಮೆ ನಿಜವಾಗಲೂ ಮನಸ್ಸು ಬದಲಿಸುತ್ತಾ ಅಂದ್ರೆ, ಉತ್ತರ ಘಾನಾದ ರೈತರ ಜೊತೆ ಡೀನ್ ಕಾರ್ಲನ್ ಮತ್ತು ಸಂಗಡಿಗರು ಮಾಡಿದ ಪ್ರಯೋಗ ಇದೆ, 2014ರಲ್ಲಿ ಪ್ರಕಟವಾದದ್ದು. ಕೆಲವರಿಗೆ ನಗದು ಕೊಟ್ಟರು, ಕೆಲವರಿಗೆ ಮಳೆ ವಿಮೆ. ಹೊಲಕ್ಕೆ ಹೆಚ್ಚು ಹಾಕಿದವರು ವಿಮೆ ಸಿಕ್ಕವರು. ಕೈಯಲ್ಲಿ ದುಡ್ಡು ಇಲ್ಲದ್ದಕ್ಕಿಂತ ದೊಡ್ಡ ಅಡ್ಡಿ ಸೋಲಿನ ಭಯವೇ ಆಗಿತ್ತು.

ಹಾಗಾಗಿ ಊಟದ ಸಾಲಿನ ಆ ಗೆಳೆಯರಿಗೆ ನಾನು ಹೇಳಿದ್ದು, ಈಗ ನಿಮಗೂ ಹೇಳ್ತಿರೋದು: ಆ್ಯಪ್ ಬಿಡಿ. ಟೆರೆಲ್‌ನ ನಿಧಿ ಮಾಡಿ. ಒಂದು ಊರು, ಇಪ್ಪತ್ತು ರೈತರು, ತಲಾ ಅರ್ಧ ಎಕರೆ. ಕೈಲೆಕ್ಕ ಹಾಕೋಣ. ಅರ್ಧ ಎಕರೆಗೆ ಐದು ಕ್ವಿಂಟಲ್ ರಾಗಿ ಅಂದ್ಕೊಳ್ಳಿ, 2024-25ರ ಬೆಂಬಲ ಬೆಲೆ ಕ್ವಿಂಟಲ್‌ಗೆ 4,290 ರೂಪಾಯಿ. ಒಟ್ಟು 21,450. ಇಪ್ಪತ್ತೂ ಜನರ ಬೆಳೆ ಅರ್ಧಕ್ಕೆ ಅರ್ಧ ಹೋಯ್ತು ಅನ್ನೋ ತೀರಾ ಕೆಟ್ಟ ವರ್ಷದಲ್ಲೂ ಕೊಡಬೇಕಾದ್ದು 2,14,500 ರೂಪಾಯಿ, ಹೆಚ್ಚುಕಡಿಮೆ ಎರಡೂವರೆ ಸಾವಿರ ಡಾಲರ್. ಹುಲ್ಲಿನ ಲೆಕ್ಕ ಬೇರೆ ಸೇರಿಸಬೇಕು, ದೊಡ್ಡಮ್ಮ ಬಿಡಲ್ಲ. ಗೆದ್ದ ವರ್ಷ ಆ ದುಡ್ಡು ಹಾಗೇ ಮುಂದಿನ ಊರಿಗೆ ಹೋಗುತ್ತೆ.

ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ: "ಸುಮ್ಮನೆ ಬಿತ್ತಿ, ನೋಡ್ಕೊಳ್ಳದೆ, ನಷ್ಟ ಆಯ್ತು ಅಂದರೆ?" ಅದಕ್ಕೇ ದುಡಿಮೆ, ಖರ್ಚು ರೈತನದೇ ಇರಬೇಕು. ನಷ್ಟವನ್ನ ಅದೇ ರೈತನ ಹಳೇ ಪದ್ಧತಿಯ ಪಕ್ಕದ ತಾಕಿಗೆ ಹೋಲಿಸಿ ಅಳೀಬೇಕು. ತೀರ್ಮಾನ ಅದೇ ಊರಿನ ನಾಲ್ಕು ಜನ ರೈತರು ಮಾಡಬೇಕು, ಯಾರು ಕಳೆ ಕಿತ್ತರು ಯಾರು ಕೀಳಲಿಲ್ಲ ಅನ್ನೋದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಬ್ಬಿಬ್ಬರು ಮೋಸ ಮಾಡಬಹುದು, ಮಾಡಲಿ. ನಾನು ಪ್ರಯೋಗದಲ್ಲಿ ಹಾಳುಮಾಡಿರೋ ರಾಸಾಯನಿಕದ ಬೆಲೆ ಅದಕ್ಕಿಂತ ಹೆಚ್ಚು, ನನ್ನಿಂದ ಯಾರೂ ವಾಪಸ್ ಕೇಳಿಲ್ಲ.

ವಿಜ್ಞಾನಿಗಳಿಗೂ ಇದರಲ್ಲಿ ಒಂದು ಪಾಲು ಇರಲಿ ಅನ್ನೋದು ನನ್ನ ಆಸೆ. ಒಂದು ತಳಿಯನ್ನೋ ಪದ್ಧತಿಯನ್ನೋ ಶಿಫಾರಸು ಮಾಡೋ ಯೋಜನೆ, ತನ್ನ ಅನುದಾನದ ಒಂದು ಚೂರನ್ನ ನಷ್ಟಭರ್ತಿಗೆ ಅಂತ ಎತ್ತಿಡಲಿ. ಆಗ ಶಿಫಾರಸು ಬರೆಯೋ ಕೈ ಸ್ವಲ್ಪ ನಿಧಾನ ಆಗುತ್ತೆ, "ಸರಾಸರಿ ಇಳುವರಿ" ಜೊತೆ "ಮಳೆ ತಡವಾದರೆ" ಅನ್ನೋ ಸಾಲೂ ಸೇರುತ್ತೆ. ನನ್ನ ಜೇಬಿಂದ ಹೋಗೋ ಹಾಗಿದ್ದರೆ ಪುಷ್ಯ ಮಳೆ ಕೈಕೊಟ್ಟರೆ ಏನು ಅಂತ ನಾನು ಖಂಡಿತ ಯೋಚನೆ ಮಾಡ್ತಿದ್ದೆ.

ಈ ಸಂಚಿಕೆ ಬರೆಯೋ ಮೊದಲು ದೊಡ್ಡಪ್ಪನಿಗೆ ಫೋನ್ ಮಾಡಿದೆ. ಆ ಮೂರು ಮೂಟೆಯ ವಿಷಯ ಮೊದಲ ಸಲ ಬಾಯಿ ಬಿಟ್ಟು ಎತ್ತಿದೆ. ಅವರು ನಕ್ಕು, "ಅದ್ಯಾವ ಕಾಲದ್ದವ್ವ" ಅಂದರು. ನಿಧಿಯ ಲೆಕ್ಕ ವಿವರಿಸಿ, ಈ ಮುಂಗಾರಿಗೆ ಮತ್ತೆ ಅರ್ಧ ಎಕರೆ ಮಾಡ್ತೀರಾ, ಸೋತರೆ ನಾನು ಕಟ್ಟಿಕೊಡ್ತೀನಿ, ಬರೆದು ಕೊಡ್ತೀನಿ ಅಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕೇಳಿದರು, ಒಟ್ಲನ್ನ ಎರಡು ಸಲ ಹಾಕಿದರೆ ಹೆಂಗೆ, ಹತ್ತು ದಿನ ಬಿಟ್ಟು ಇನ್ನೊಂದು? ಮಳೆ ತಡ ಆದರೆ ಎರಡನೇದು ಎಳೇದು ಇರುತ್ತಲ್ಲ? ನನಗೆ ಹೊಳೆದೇ ಇರಲಿಲ್ಲ. ಹಿಂದಿನಿಂದ ದೊಡ್ಡಮ್ಮನ ಧ್ವನಿ ಬಂತು: "ಅಕ್ಕಡಿ ಸಾಲು ಬಿಡಲ್ಲ ಅಂತ ಹೇಳಿ ಅವಳಿಗೆ."

ಬಿಡಲ್ಲ. ಸುಗ್ಗಿ ಆದಮೇಲೆ ಏನಾಯ್ತು ಅಂತ ಇದೇ ಜಾಗದಲ್ಲಿ ಹೇಳ್ತೀನಿ, ಗೆದ್ದರೂ ಸೋತರೂ. ನಿಮ್ಮ ಊರಲ್ಲಿ ಯಾರಾದರೂ ಹೊಸದನ್ನ ಮಾಡಿ ಕೈಸುಟ್ಟುಕೊಂಡಿದ್ದರೆ ಅವರ ಕಥೆ ಬರೆದು ಕಳಿಸಿ, ಅಂಥವು ಎಲ್ಲೂ ಅಚ್ಚಾಗಲ್ಲ.